ಮುಳ್ಳು ಎಫ್ ಮೇಲಿದ್ರೆ ಟ್ಯಾಂಕ್ ತುಂಬಿದೆ ಅಂತ ಅಲ್ಲ: ಸ್ಕೂಟರ್ ಪೆಟ್ರೋಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಟೈರ್ ಗಾಳಿ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರ, ಮೆಸೇಜುಗಳಲ್ಲಿ ಅರ್ಧಕ್ಕರ್ಧ ಪೆಟ್ರೋಲ್ ಮುಳ್ಳಿನ ಬಗ್ಗೆನೇ ಇದ್ವು, ಅದಕ್ಕೆ ಈ ಸಲ ಬೇರೆ ಯಾವ ಪ್ರಶ್ನೆನೂ ತಗೊಂಡಿಲ್ಲ, ಪೂರ್ತಿ ಪೆಟ್ರೋಲೇ.

ಸರ್, ನಮ್ಮದು ಆಕ್ಟಿವಾ. ಫುಲ್ ಟ್ಯಾಂಕ್ ಮಾಡಿಸಿದ್ರೆ ಐವತ್ತು ಅರವತ್ತು ಕಿಲೋಮೀಟರ್ ಓಡಿಸಿದ್ರೂ ಮುಳ್ಳು ಎಫ್ ಬಿಟ್ಟು ಕದಲಲ್ಲ. ಅರ್ಧಕ್ಕೆ ಬಂದ್ಮೇಲೆ ಮಾತ್ರ ಸರ್ರಂತ ಇಳಿದುಬಿಡುತ್ತೆ. ಶೋರೂಂನವರು ಸರಿಯಾಗಿದೆ ಅಂತಾರೆ. ಪೆಟ್ರೋಲ್ ಎಲ್ಲಾದ್ರೂ ಸೋರ್ತಿದೆಯಾ? (ಓದುಗರು, ಹಾಸನ)

ಸೋರ್ತಿಲ್ಲ, ಮೀಟರ್ ಕೂಡ ಕೆಟ್ಟಿಲ್ಲ. ಸೋರಿದ್ರೆ ಡಿಕ್ಕಿ ತೆಗೆದ ಕೂಡಲೇ ವಾಸನೆ ಮೂಗಿಗೆ ಹೊಡೀತಿತ್ತು, ಗಾಡಿ ನಿಲ್ಲಿಸಿದ ಜಾಗದಲ್ಲಿ ಕಲೆ ಕಾಣ್ತಿತ್ತು.

ನಿಮ್ಮನೆ ಮೇಲಿನ ನೀರಿನ ಟ್ಯಾಂಕ್‌ನಲ್ಲಿ ಬಾಲ್ ವಾಲ್ವ್ ನೋಡಿರ್ತೀರಲ್ಲ, ನೀರು ಏರಿದ ಹಾಗೆ ಚೆಂಡು ಮೇಲೆ ಬರುತ್ತೆ, ಅದಕ್ಕೆ ಸಿಕ್ಕಿಸಿರೋ ಕಡ್ಡಿನೂ ಏಳುತ್ತೆ. ಸ್ಕೂಟರ್ ಟ್ಯಾಂಕ್ ಒಳಗಿರೋದೂ ಅದೇ ತರ, ಆದ್ರೆ ಬೆರಳಷ್ಟು ಉದ್ದದ ಒಂದು ಫ್ಲೋಟ್, ಅದಕ್ಕೊಂದು ತಂತಿ ಕೈ, ಆ ಕೈಯ ಇನ್ನೊಂದು ತುದಿ ಒಂದು ಚಿಕ್ಕ ಪಟ್ಟಿ ಮೇಲೆ ಉಜ್ಜಿಕೊಂಡು ಓಡಾಡುತ್ತೆ. ಕೈ ಎಲ್ಲಿದೆ ಅನ್ನೋದರ ಮೇಲೆ ಕರೆಂಟ್ ಹೆಚ್ಚು ಕಮ್ಮಿ ಆಗುತ್ತೆ, ಅದನ್ನೇ ಮೀಟರ್‌ನಲ್ಲಿ ಮುಳ್ಳು ತೋರಿಸುತ್ತೆ. ಅಂದ್ರೆ ಮುಳ್ಳು ಲೀಟರ್ ಅಳೀತಿಲ್ಲ, ಫ್ಲೋಟ್ ಎಷ್ಟು ಎತ್ತರದಲ್ಲಿದೆ ಅಂತ ಮಾತ್ರ ಹೇಳ್ತಿದೆ. ಇದೊಂದು ಅರ್ಥ ಆದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ.

ಟ್ಯಾಂಕ್ ಪೂರ್ತಿ ತುಂಬಿದಾಗ ಫ್ಲೋಟ್ ತನ್ನ ಕೊನೆ ಮಿತಿಗೆ ಹೋಗಿ ನಿಂತಿರುತ್ತೆ, ಅದಕ್ಕಿಂತ ಮೇಲೆ ಹೋಗೋಕೆ ದಾರಿ ಇಲ್ಲ, ಪೆಟ್ರೋಲ್ ಮಾತ್ರ ಅದರ ಮೇಲಕ್ಕೂ ಕತ್ತಿನವರೆಗೂ ಇರುತ್ತೆ. ಆ ಮೇಲಿನ ಪೆಟ್ರೋಲ್ ಖರ್ಚಾಗೋವರೆಗೂ ಫ್ಲೋಟ್ ಅಲುಗಲ್ಲ, ಮುಳ್ಳೂ ಅಲುಗಲ್ಲ. ನಿಮ್ಮ ಐವತ್ತು ಅರವತ್ತು ಕಿಲೋಮೀಟರ್ ಅದೇ. ಇನ್ನು ಸರ್ರಂತ ಇಳಿಯೋದು ಯಾಕೆ ಅಂದ್ರೆ ಸ್ಕೂಟರ್ ಟ್ಯಾಂಕ್ ಡಬ್ಬದ ತರ ಚೌಕವಾಗಿ ಇರಲ್ಲ, ಚಕ್ರ, ಡಿಕ್ಕಿ, ಚಾಸಿಸ್ ಎಲ್ಲಾ ಬಿಟ್ಟು ಉಳಿದ ಜಾಗಕ್ಕೆ ತಕ್ಕ ಹಾಗೆ ಉಬ್ಬು ತಗ್ಗು ಮಾಡಿ ಕೂರಿಸಿರ್ತಾರೆ. ನೀರಿನ ಕೊಡ ನೆನಪಿಸ್ಕೊಳ್ಳಿ, ಹೊಟ್ಟೆ ಭಾಗದಲ್ಲಿ ಒಂದು ಇಂಚಿಗೆ ಹಿಡಿಯೋ ನೀರು ತಳದಲ್ಲಿ ಒಂದು ಇಂಚಿಗೆ ಹಿಡಿಯಲ್ಲ. ಮೇಲಿನ ಅರ್ಧಕ್ಕೆ ಓಡಿದಷ್ಟು ಕೆಳಗಿನ ಅರ್ಧಕ್ಕೂ ಓಡುತ್ತೆ ಅಂತ ಲೆಕ್ಕ ಹಾಕೋದೇ ತಪ್ಪು, ರಸ್ತೆಯಲ್ಲಿ ತಳ್ಕೊಂಡು ಹೋಗೋ ಮುಕ್ಕಾಲು ಜನ ಮಾಡಿರೋ ತಪ್ಪು ಇದೇ.

ಇನ್ನೊಂದು ವಿಷಯ. ಸೈಡ್ ಸ್ಟ್ಯಾಂಡ್ ಹಾಕಿ ಕೀ ಆನ್ ಮಾಡಿ ನೋಡಿದ್ರೆ ಒಂದು ತೋರಿಸುತ್ತೆ, ನೆಟ್ಟಗೆ ನಿಲ್ಲಿಸಿದ್ರೆ ಇನ್ನೊಂದು. ಇಳಿಜಾರಲ್ಲಂತೂ ಕೇಳಲೇಬೇಡಿ. ಹಂಪ್ ಹಾರಿದಾಗೆಲ್ಲ ಮುಳ್ಳು ಕುಣಿಬಾರದು ಅಂತ ಅದನ್ನ ಬೇಕು ಅಂತಾನೇ ನಿಧಾನ ಮಾಡಿರ್ತಾರೆ, ಹಾಗಾಗಿ ಕೀ ಹಾಕಿದ ತಕ್ಷಣ ನೋಡಿ ನಿರ್ಧಾರ ಮಾಡ್ಬೇಡಿ. ಸಮತಟ್ಟು ಜಾಗ, ಗಾಡಿ ನೆಟ್ಟಗೆ, ಕೀ ಆನ್, ಸ್ವಲ್ಪ ಹೊತ್ತು ಸುಮ್ನಿರಿ, ಆಮೇಲೆ ನೋಡಿ.

ನಾನು ಪ್ರತಿಯೊಬ್ಬರಿಗೂ ಹೇಳೋದು, ಮುಳ್ಳನ್ನ ಅಂದಾಜಿಗೆ ಇಟ್ಕೊಳ್ಳಿ, ಲೆಕ್ಕಕ್ಕೆ ಕಿಲೋಮೀಟರ್ ಇಟ್ಕೊಳ್ಳಿ. ಫುಲ್ ಮಾಡಿಸಿದಾಗ ಟ್ರಿಪ್ ಮೀಟರ್ ಇದ್ರೆ ಜೀರೋ ಮಾಡಿ, ಇಲ್ದಿದ್ರೆ ಮೊಬೈಲಲ್ಲಿ ಓಡೋಮೀಟರ್ ಫೋಟೋ ಹೊಡ್ಕೊಳ್ಳಿ, ಬಂಕಿಂದ ಈಚೆ ಬಂದ್ಮೇಲೆ. ಆಕ್ಟಿವಾ 110 ಟ್ಯಾಂಕ್ 5.3 ಲೀಟರ್, ನಿಮಗೆ ಲೀಟರಿಗೆ 45 ಕೊಡ್ತಿದೆ ಅಂದ್ರೆ ಲೆಕ್ಕಕ್ಕೆ 238 ಕಿಲೋಮೀಟರ್ ಆಯ್ತು, ಒಂದು ಲೀಟರ್ ಟ್ಯಾಂಕಲ್ಲೇ ಇರ್ಲಿ ಅಂತ ಬಿಟ್ಟು 180ರ ಹತ್ರ ಬಂದಾಗ ಮುಳ್ಳು ಎಲ್ಲೇ ಇರ್ಲಿ ಬಂಕಿಗೆ ಹೋಗಿ. ನಮ್ಮಪ್ಪನ ಚೇತಕ್‌ನಲ್ಲಿ ನಾವು ಮುಳ್ಳು ನಂಬಿದ್ದೇ ಇಲ್ಲ, ಬೆಳಿಗ್ಗೆ ಅವರು ಸೀಟ್ ಹಿಡಿದು ಗಾಡಿನ ಎರಡು ಸಲ ಅಲ್ಲಾಡ್ಸೋರು, ಒಳಗೆ ಗುಳಕ್ ಗುಳಕ್ ಅನ್ನೋ ಶಬ್ದದಲ್ಲೇ ಇವತ್ತು ಆಫೀಸಿಗೆ ಹೋಗಿ ಬರಬಹುದಾ ಇಲ್ವಾ ಅಂತ ಹೇಳ್ಬಿಡೋರು. ಆ ಕಿವಿ ಈಗ ನಮಗಿಲ್ಲ, ಕಿಲೋಮೀಟರ್ ಲೆಕ್ಕ ಇದೆ.

ನಾನು ಇಂಜಿನಿಯರಿಂಗ್ ಓದ್ತಿದ್ದೀನಿ. ಮುಳ್ಳು ಕೆಂಪಿಗೆ ಬಂದ್ಮೇಲೂ ಮೂವತ್ತು ಕಿಲೋಮೀಟರ್ ಆರಾಮಾಗಿ ಓಡಿಸ್ತೀನಿ. ಫ್ರೆಂಡ್ಸ್ ಪಂಪ್ ಹಾಳಾಗುತ್ತೆ ಅಂತಾರೆ, ನಿಜಾನಾ? (ಬೆಳಗಾವಿ)

ನಿಜ ಕಣಪ್ಪ. ಹಳೇ ಚೇತಕ್‌ನಲ್ಲಿ ರಿಸರ್ವ್ ಕಾಕ್ ಇತ್ತು, ತಳದಲ್ಲಿ ಉಳಿಸಿಟ್ಟ ಪೆಟ್ರೋಲ್ ಬಿಡೋ ನಲ್ಲಿ ಅದು, ಗಾಡಿ ಮುಗ್ಗರಿಸಿದ ಕೂಡಲೇ ಕೈ ಹಾಕಿ ತಿರುಗಿಸಿದ್ರೆ ಬಂಕ್ ಮುಟ್ಟಿಸ್ತಿತ್ತು. ನಿನ್ನ ಗಾಡಿಲಿ ಅಂಥ ಕಾಕೇ ಇಲ್ಲ, ಕೆಂಪು ಬಂತು ಅಂದ್ರೆ ಇರೋದು ಅಷ್ಟೇ. 2020 ಏಪ್ರಿಲ್‌ನಿಂದ ಬಿಎಸ್ 6 ಅನ್ನೋ ಹೊಗೆ ನಿಯಮ ಬಂದ್ಮೇಲೆ ನಮ್ಮ ಪೆಟ್ರೋಲ್ ಸ್ಕೂಟರ್‌ಗಳೆಲ್ಲ ಹೆಚ್ಚುಕಮ್ಮಿ ಫ್ಯೂಯಲ್ ಇಂಜೆಕ್ಷನ್ ಆದ್ವು, ಅಂದ್ರೆ ಪೆಟ್ರೋಲನ್ನ ಪಂಪ್ ಒತ್ತಿ ಇಂಜಿನ್ನಿಗೆ ಚಿಮ್ಮಿಸೋ ವ್ಯವಸ್ಥೆ, ಅದರ ಕರೆಂಟ್ ಪಂಪ್ ಕೂತಿರೋದು ಟ್ಯಾಂಕ್ ಒಳಗೇ. ಅದರ ಬಿಸಿ ಇಳಿಸೋದು ಪೆಟ್ರೋಲೇ. ದಿನಾ ತಳ ಒಣಗಿಸಿ ಓಡಿಸಿದ್ರೆ ಪಂಪ್ ಕಾಯುತ್ತೆ, ಪೆಟ್ರೋಲ್ ಜೊತೆ ಗಾಳಿ ಎಳೆಯುತ್ತೆ, ಒಂದಿನ ಕೈ ಕೊಡುತ್ತೆ. ಅದನ್ನ ಬದಲಾಯಿಸೋಕೆ ಆಗೋ ಖರ್ಚಲ್ಲಿ ಎಷ್ಟು ಸಲ ಟ್ಯಾಂಕ್ ತುಂಬಿಸಬಹುದು ಅಂತ ಗ್ಯಾರೇಜಲ್ಲಿ ಕೇಳಿ ನೋಡು. ಕಾಲು ಭಾಗಕ್ಕೆ ಬಂದಾಗ ಹಾಕಿಸ್ಕೋ, ಕಾಲೇಜ್ ಖರ್ಚಲ್ಲಿ ಫುಲ್ ಮಾಡ್ಸೋಕೆ ಆಗಲ್ಲ ಅಂತ ನನಗೆ ಗೊತ್ತು, ನೂರೇ ಹಾಕಿಸು, ಆದ್ರೆ ಕೆಂಪಿಗೆ ಮುಂಚೆ ಹಾಕಿಸು.

ಶಾಲೆ ಮುಗಿಸಿ ಬರ್ತಿದ್ದೆ, ಏರಲ್ಲಿ ಗಾಡಿ ನಿಂತುಹೋಯ್ತು. ಮುಳ್ಳು ಕೆಂಪಿಗಿಂತ ಸ್ವಲ್ಪ ಮೇಲೇ ಇತ್ತು. ಮಳೆ ಬೇರೆ. ಒಬ್ಬರು ಪುಣ್ಯಾತ್ಮರು ಒಂದು ಲೀಟರ್ ತಂದುಕೊಟ್ರು, ಹಾಕಿದ್ರೂ ಸ್ಟಾರ್ಟ್ ಆಗ್ಲಿಲ್ಲ, ಸೆಲ್ಫ್ ಒತ್ತಿ ಒತ್ತಿ ಬ್ಯಾಟರಿನೇ ಹೋಯ್ತು. (ಶಿಕ್ಷಕಿ, ಕೊಪ್ಪ)

ಮೇಡಂ, ಓದಿ ಬೇಜಾರಾಯ್ತು, ಆ ಕಡೆ ಸಂಜೆ ಮಳೇಲಿ ಒಬ್ಬರೇ ನಿಲ್ಲೋದು ಅಂದ್ರೆ ಸುಮ್ನೆ ಮಾತಲ್ಲ. ಆಗಿದ್ದೇನು ಅಂದ್ರೆ, ಏರಲ್ಲಿ ಟ್ಯಾಂಕ್ ವಾಲಿ ಇದ್ದ ಸ್ವಲ್ಪ ಪೆಟ್ರೋಲ್ ಒಂದು ಮೂಲೆಗೆ ಸೇರ್ಕೊಳ್ತು, ಪಂಪ್ ಎಳೆಯೋ ಬಾಯಿ ಇನ್ನೊಂದು ಕಡೆ ಒಣಗ್ತು. ಘಾಟ್ ಊರಿನವರು ಇದಕ್ಕೇ ಅರ್ಧಕ್ಕಿಂತ ಕೆಳಗೆ ಬಿಡಬಾರದು, ಬಯಲುಸೀಮೆ ಲೆಕ್ಕ ನಿಮಗಲ್ಲ.

ಮುಂದೆ ಹೀಗಾದ್ರೆ ಪೆಟ್ರೋಲ್ ಹಾಕಿದ ತಕ್ಷಣ ಸೆಲ್ಫ್ ಒತ್ತಬೇಡಿ. ಕೀ ಆನ್ ಮಾಡಿ, ಸೀಟಿನ ಹತ್ರ ಕಿವಿ ಇಡಿ, ಗುಂಯ್ ಅಂತ ಒಂದೆರಡು ಸೆಕೆಂಡ್ ಸಣ್ಣ ಶಬ್ದ ಬಂದು ನಿಲ್ಲುತ್ತೆ, ಅದು ಪಂಪ್ ಪೈಪಿಗೆ ಪೆಟ್ರೋಲ್ ತುಂಬಿಸ್ತಿರೋದು. ಕೀ ಆಫ್ ಮಾಡಿ, ಮತ್ತೆ ಆನ್ ಮಾಡಿ, ಹೀಗೆ ಮೂರ್ನಾಲ್ಕು ಸಲ. ಪೈಪಲ್ಲಿದ್ದ ಗಾಳಿ ಹೋಗಿ ಪೆಟ್ರೋಲ್ ಮುಂದೆ ಬರುತ್ತೆ, ಆಮೇಲೆ ಸೆಲ್ಫ್, ಅದೂ ಐದು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಸ್ವಲ್ಪ ಬಿಡುವು ಕೊಡಿ. ಬಿಎಸ್ 6ಗೆ ಮುಂಚಿನ ಕಾರ್ಬೊರೇಟರ್ ಗಾಡಿ ಆದ್ರೆ ಕೀ ಆನ್ ಆಫ್ ಮಾಡಿ ಏನೂ ಉಪಯೋಗ ಇಲ್ಲ, ಅದರಲ್ಲಿ ಇಂಜಿನ್ ತಿರುಗಿದ್ರೇನೇ ಪೆಟ್ರೋಲ್ ಇಳಿಯೋದು, ಬ್ಯಾಟರಿ ಉಳಿಸಿ ಕಿಕ್ ಹೊಡೀರಿ, ಹತ್ತು ಹದಿನೈದು ಕಿಕ್ ಬೇಕಾಗಬಹುದು. ಡಿಕ್ಕಿಲಿ ನೀರಿನ ಬಾಟಲಲ್ಲಿ ಪೆಟ್ರೋಲ್ ಇಟ್ಕೊಂಡು ಓಡಾಡೋ ಯೋಚನೆ ಮಾತ್ರ ಮಾಡ್ಬೇಡಿ, ಕೆಳಗೇ ಬಿಸಿ ಇಂಜಿನ್ ಇರೋದು.

ಒಂಬತ್ತು ವರ್ಷದ ಗಾಡಿ, ಮುಳ್ಳು ಅರ್ಧದಲ್ಲೇ ಸತ್ತು ಕೂತಿದೆ. ಪೂರ್ತಿ ಮೀಟರ್ ಬೋರ್ಡ್ ಬದಲಾಯಿಸ್ಬೇಕು ಅಂತಾರೆ. (ದಾವಣಗೆರೆ)

ಬೋರ್ಡಿಗೆ ದುಡ್ಡು ಕೊಡೋ ಮುಂಚೆ ಟ್ಯಾಂಕ್ ಒಳಗಿನ ಫ್ಲೋಟ್ ಯೂನಿಟ್ ತೆಗೆಸಿ ನೋಡಿ, ಹೆಚ್ಚಿನ ಸಲ ತಪ್ಪು ಅಲ್ಲೇ ಇರುತ್ತೆ. ಮೊನ್ನೆ ನಮ್ಮ ಬೀದಿ ಗ್ಯಾರೇಜಲ್ಲಿ ನಿಮ್ಮ ತರದ್ದೇ ಒಂದು ಕೇಸ್ ನಾನೇ ಪಕ್ಕದಲ್ಲಿ ನಿಂತು ನೋಡಿದೆ. ಮೆಕ್ಯಾನಿಕ್ ಯೂನಿಟ್ ಹೊರಗೆ ತೆಗೆದು ಬಟ್ಟೆಲಿ ಒರೆಸಿ, ವೈರ್ ಸಿಕ್ಕಿಸಿದ ಹಾಗೇ ಟ್ಯಾಂಕಿಂದ ದೂರಕ್ಕೆ ಹಿಡಿದು ಕೀ ಆನ್ ಮಾಡಿಸಿದ. ಬೆರಳಲ್ಲಿ ತಂತಿ ಕೈನ ನಿಧಾನಕ್ಕೆ ಎತ್ತುತ್ತಾ ಹೋದ, ಮುಳ್ಳು ಹಿಂದೇನೇ ಏರ್ತಾ ಬಂತು, ಒಂದು ಜಾಗಕ್ಕೆ ಬಂದಾಗ ಪಟ್ಟಂತ ಸೊನ್ನೆಗೆ ಬಿತ್ತು, ಕೂದಲೆಳೆಯಷ್ಟು ಮೇಲೆತ್ತಿದ ಕೂಡಲೇ ಮತ್ತೆ ಎದ್ದಿತು. ಪಟ್ಟಿ ಆ ಒಂದು ಜಾಗದಲ್ಲಿ ಸವೆದು ಹೊಳೀತಿತ್ತು. ಅವರು ಯಾವಾಗ್ಲೂ ನೂರು ನೂರು ರೂಪಾಯಿ ಹಾಕಿಸ್ತಿದ್ರಂತೆ, ಕೈ ವರ್ಷಗಟ್ಟಲೆ ಅಷ್ಟರಲ್ಲೇ ಓಡಾಡಿದೆ. ಯೂನಿಟ್ ಒಂದೇ ಬದಲಾಯಿಸಿದ್ರು, ಸರಿ ಹೋಯ್ತು.

ಕೈ ಪೂರ್ತಿ ಎತ್ತಿ ಇಳಿಸಿದ್ರೂ ಮುಳ್ಳು ಅಲ್ಲಾಡದಿದ್ರೆ ಮೊದಲು ಕನೆಕ್ಟರ್ ನೋಡ್ಬೇಕು, ವಾಟರ್ ವಾಶ್ ಮಾಡ್ಸಿ ಮಾಡ್ಸಿ ಅಲ್ಲಿ ಹಸಿರು ಕಿಲುಬು ಹಿಡಿದಿರುತ್ತೆ. ಅದೂ ಸರಿ ಇದ್ರೆ ಮಾತ್ರ ಬೋರ್ಡಿನ ಮಾತು. ಇದನ್ನೆಲ್ಲ ಮನೇಲಿ ಮಾಡೋಕೆ ಹೋಗ್ಬೇಡಿ, ತೆರೆದ ಟ್ಯಾಂಕ್ ಹತ್ರ ಒಂದು ಕಿಡಿ ಸಾಕು.

ಮ್ಯಾನುಯಲ್‌ನಲ್ಲಿ 5.3 ಲೀಟರ್ ಅಂತಿದೆ, ಬಂಕಲ್ಲಿ 5.6 ಹಾಕಿದ್ರು. ಮೋಸ ತಾನೇ? ನೂರರ ಬದಲು ನೂರಹತ್ತು ಹಾಕಿಸಿದ್ರೆ ಮೋಸ ಆಗಲ್ಲ ಅಂತಾರಲ್ಲ? (ತುಮಕೂರು)

ಬರೀ ಅದರಿಂದ ಮೋಸ ಅನ್ನೋಕಾಗಲ್ಲ. ಮ್ಯಾನುಯಲ್‌ನಲ್ಲಿ ಬರೆಯೋದು ಪೆಟ್ರೋಲ್ ಹಿಗ್ಗೋಕೆ, ಆವಿಗೆ ಅಂತ ಜಾಗ ಬಿಟ್ಟು. ಕತ್ತಿನವರೆಗೆ ತುಂಬಿದ್ರೆ ಅದಕ್ಕಿಂತ ಹೆಚ್ಚೇ ಹಿಡಿಯುತ್ತೆ. ನೂರಹತ್ತರ ಕತೆ ಬಿಟ್ಟುಬಿಡಿ, ಮಷಿನ್ ಒಳಗೆ ಅಳೆಯೋದು ಲೀಟರ್, ರೂಪಾಯಿ ಬರೀ ಗುಣಾಕಾರ, ನೂರು ಒತ್ತಿದ್ರೂ ನೂರಹತ್ತು ಒತ್ತಿದ್ರೂ ಅಳತೆ ಅದೇ. ಅನುಮಾನ ಬಂದ್ರೆ ಬಂಕಲ್ಲಿ ಮುದ್ರೆ ಹಾಕಿದ ಐದು ಲೀಟರ್ ಅಳತೆ ಪಾತ್ರೆ ಇರಲೇಬೇಕು, ಅದಕ್ಕೆ ಹಿಡಿದು ತೋರಿಸಿ ಅಂತ ಕೇಳೋ ಹಕ್ಕು ನಿಮಗಿದೆ, ಐದು ಲೀಟರಿಗೆ 25 ಮಿಲಿಲೀಟರ್ ಆಚೀಚೆ ಮಾತ್ರ ಒಪ್ಪೋದು. ತೋರಿಸಲ್ಲ ಅಂದ್ರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ. ಹಿಂಜರಿಬೇಡಿ, ಕೇಳೋರು ಇದ್ರೇನೇ ಆ ಪಾತ್ರೆ ಮೂಲೆಯಿಂದ ಹೊರಗೆ ಬರೋದು. ದಿನನಿತ್ಯಕ್ಕೆ ಜೀರೋ ನೋಡೋದು, ಹಾಕೋವಾಗ ಕಣ್ಣು ಮಷಿನ್ ಮೇಲೆ ಇಡೋದು, ಇಷ್ಟು ಸಾಕು.

ನಾಝಲ್ ಟಕ್ ಅಂದ್ಮೇಲೂ ಇನ್ನೂ ಸ್ವಲ್ಪ ಹಾಕ್ತಾರೆ, ಒಳ್ಳೇದೇ ಅಲ್ವಾ? (ಹುಬ್ಬಳ್ಳಿ)

ಒಳ್ಳೇದಲ್ರೀ. ನಾಝಲ್ ತುದೀಲಿ ಒಂದು ಸಣ್ಣ ತೂತು ಇರ್ತದ, ಅದರಿಂದ ಗಾಳಿ ಒಳಗೆ ಹೋಗ್ತಿರ್ತದ, ಪೆಟ್ರೋಲ್ ಏರಿ ತೂತು ಮುಚ್ಚಿದ ಕೂಡಲೇ ಟಕ್ ಅಂತ ಬಂದ್ ಆಗ್ತದ. ಅಲ್ಲಿಗೆ ಮುಗೀತು. ಈಗಿನ ಗಾಡಿಗಳಲ್ಲಿ ಆವಿ ಹೀರೋಕೆ ಇದ್ದಿಲು ತುಂಬಿದ ಒಂದು ಡಬ್ಬಿ ಇರ್ತದ, ಕತ್ತಿನ ತನಕ ತುಂಬಿಸಿದ್ರ ಆವಿ ಹೋಗೋ ಪೈಪಿನಾಗ ಪೆಟ್ರೋಲ್ ನುಗ್ಗಿ ಅದು ಹಾಳಾಗ್ತದ. ಬಿಸಿಲಿಗೆ ನಿಲ್ಲಿಸಿದಾಗ ಹಿಗ್ಗಿ ಹೊರಗೆ ಚೆಲ್ಲೋದು ಬ್ಯಾರೆ. ಸಾಕು ಅಂತ ಹೇಳ್ರಿ.

ಈಗಿನ ಇ20 ಪೆಟ್ರೋಲ್ ಹಾಕಿದ್ಮೇಲೆ ಮೈಲೇಜ್ ಬಿದ್ದಿದೆ ಅನ್ಸುತ್ತೆ. (ಮೈಸೂರು)

ಅನ್ಸೋದಲ್ಲ, ಸ್ವಲ್ಪ ಬೀಳುತ್ತೆ. ಅದರಲ್ಲಿ 20 ಪರ್ಸೆಂಟ್ ಎಥನಾಲ್, ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಸುಮಾರು ಮೂರರಲ್ಲೊಂದು ಭಾಗ ಕಮ್ಮಿ. ಆದ್ರೆ 45 ಇದ್ದಿದ್ದು 35 ಆಗಿದೆ ಅಂದ್ರೆ ತಪ್ಪು ಎಥನಾಲ್ ಮೇಲೆ ಹಾಕ್ಬೇಡಿ, ಏರ್ ಫಿಲ್ಟರ್, ಟೈರ್ ಗಾಳಿ, ಬ್ರೇಕ್ ಹಿಡೀತಿದೆಯಾ ನೋಡಿಸಿ. ಅಳೆಯೋದು ಮುಳ್ಳಲ್ಲಿ ಅಲ್ಲ, ಟಕ್ ಅನ್ನೋವರೆಗೆ ಹಾಕಿಸಿ ಕಿಲೋಮೀಟರ್ ಬರ್ಕೊಳ್ಳಿ, ನೂರೈವತ್ತು ಓಡಿಸಿ, ಅದೇ ಬಂಕ್, ಅದೇ ಮಷಿನ್, ಮತ್ತೆ ಟಕ್ ಅನ್ನೋವರೆಗೆ, ಓಡಿದ ಕಿಲೋಮೀಟರನ್ನ ಎರಡನೇ ಸಲ ಹಿಡಿದ ಲೀಟರಿಂದ ಭಾಗಿಸಿ. ಎಥನಾಲ್ ನೀರಿನ ಪಸೆ ಎಳ್ಕೊಳ್ಳುತ್ತೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸೋದಿದ್ರೆ ಟ್ಯಾಂಕ್ ಖಾಲಿ ಬಿಟ್ಟು ಹೋಗ್ಬೇಡಿ.

ನನಗೆ 68 ವರ್ಷ, ಮಂಡಿ ನೋವು. ಪೆಟ್ರೋಲ್ ಹಾಕಿಸೋವಾಗ ಗಾಡಿಯಿಂದ ಇಳಿಯಲೇಬೇಕಾ? (ಶಿವಮೊಗ್ಗ)

ಇಳೀಬೇಕು ಅಮ್ಮಾ. ಇಂಜಿನ್ ಆಫ್ ಮಾಡಿ ಇಳಿದು ಪಕ್ಕಕ್ಕೆ ನಿಲ್ಲಿ, ಅಕಸ್ಮಾತ್ ಪೆಟ್ರೋಲ್ ಚೆಲ್ಲಿದ್ರೆ ಬಿಸಿ ಸೈಲೆನ್ಸರ್ ಅಲ್ಲೇ ಇರುತ್ತೆ, ಕೂತಿದ್ರೆ ಓಡೋಕಾಗಲ್ಲ. ಮುಂದೆ ಗಾಡಿ ಬದಲಾಯಿಸೋದಿದ್ರೆ ಸೀಟ್ ಎತ್ತದೆ ಹೊರಗಿಂದಲೇ ಪೆಟ್ರೋಲ್ ಹಾಕೋ ಮುಚ್ಚಳ ಇರೋದನ್ನ ನೋಡಿ, ಜ್ಯೂಪಿಟರ್ 125ರಲ್ಲಿ ಅದು ಮುಂದೆ ಹ್ಯಾಂಡಲ್ ಕೆಳಗೇ ಇದೆ, ಡಿಕ್ಕಿಲಿರೋ ಸಾಮಾನು, ಭಾರದ ಸೀಟು ಯಾವುದನ್ನೂ ಎತ್ತೋ ಕಷ್ಟ ಇರಲ್ಲ. ಇಳಿದು ಹತ್ತೋಕೆ ಕಷ್ಟ ಆದ್ರೆ ಬಂಕಿನ ಹುಡುಗರಿಗೆ ಗಾಡಿ ಹಿಡ್ಕೊಳ್ಳಪ್ಪ ಅನ್ನಿ, ಹಿಡ್ಕೋತಾರೆ.