ಹೊಸ ಕಾರಿಗೆ ಡೆಲಿವರಿಗೆ ಮುಂಚೆಯೇ ಪಿಪಿಎಫ್ ಹಾಕಿಸಬೇಕಾ, ಸೆರಾಮಿಕ್ ಸಾಕಾ?

ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಟ, ಬಿಳಿ ಕಾರು, ಶೋರೂಮಿನವರೇ ಡೆಲಿವರಿಗೆ ಮುಂಚೆ ಪೂರ್ತಿ ಪಿಪಿಎಫ್, ಅಂದರೆ ಬಣ್ಣ ಕಾಯೋ ಪಾರದರ್ಶಕ ಫಿಲ್ಮ್, ಸುತ್ತಿ ಕೊಡ್ತೀವಿ ಅಂತಿದ್ದಾರೆ, ಇಲ್ಲಾ ಬಣ್ಣದ ಮೇಲೆ ಹಚ್ಚೋ ಸೆರಾಮಿಕ್ ಲೇಪವೇ ಸಾಕಾ ಅಂತ ಬರೆದಿದ್ದೀರಿ. ಓದಿದ ಕೂಡಲೇ ನನ್ನ ಬಾನೆಟ್ಟೇ ಕಣ್ಣ ಮುಂದೆ ಬಂತು. ಹಾಕಿಸಿ, ಆದರೆ ಡೆಲಿವರಿಗೆ ಮುಂಚೆ ಮಾತ್ರ ಬೇಡ.

ನನ್ನದೂ ಅದೇ ರಸ್ತೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಮುಂದೆ ಹೋಗ್ತಿದ್ದ ಟಿಪ್ಪರ್‌ನಿಂದ ಜಲ್ಲಿ ಹಾರಿ ಬಾನೆಟ್ಟಿಗೆ ಎರಡು ಕಡೆ ಬಡಿಯಿತು. ಬಣ್ಣ ತಗಡಿನ ತನಕ ಎದ್ದಿತ್ತು, ಹತ್ತು ದಿನದಲ್ಲಿ ಚುಕ್ಕೆಯಲ್ಲಿ ತುಕ್ಕು ಕಾಣಿಸಿತು. ಟಿಂಕರಿಂಗ್ ಶೆಡ್ಡಿಗೆ ಕೊಟ್ಟು ಬಾನೆಟ್ ಪೇಂಟ್ ಮಾಡಿಸಿದೆ. ಇನ್ನೊಂದು ಕಲ್ಲು ಬೀಳುವ ಮುಂಚೆ ಫಿಲ್ಮ್ ಹಾಕಿಸಿಬಿಡೋಣ ಅಂತ ಒಂಬತ್ತನೇ ದಿನಕ್ಕೇ ಹಾಕಿಸಿದೆ. ಪೇಂಟರನ್ನ ಕೇಳಿದ್ದೆ ಕೂಡ. "ಒಣಗೋಗದೆ ಕಣಣ್ಣ, ಮುಟ್ನೋಡಿ" ಅಂದ. ಮುಟ್ಟಿದೆ, ಒಣಗಿತ್ತು. ಕೆಟ್ಟಿದ್ದೇ ಅಲ್ಲಿ.

ಬೆರಳಿಗೆ ಅಂಟದ ಮಾತ್ರಕ್ಕೆ ಬಣ್ಣ ಒಣಗಿದೆ ಅಂತ ಅರ್ಥ ಅಲ್ಲ. ಕಾರ್ಖಾನೆಯಲ್ಲಿ ಕಾರಿನ ತಗಡನ್ನ ವೈರು, ರಬ್ಬರು, ಸೀಟು ಏನೂ ಕೂಡಿಸುವ ಮುಂಚೆ ಬಣ್ಣ ಹೊಡೆದು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸ್ತಾರೆ. ಆ ಬಣ್ಣ ಹೊರಗೆ ಬರುವಾಗಲೇ ಗಟ್ಟಿ. ಕಾರು ಪೂರ್ತಿ ತಯಾರಾದ ಮೇಲೆ ಗ್ಯಾರೇಜಿನಲ್ಲಿ ಅಷ್ಟು ಶಾಖ ಕೊಟ್ಟರೆ ಪ್ಲಾಸ್ಟಿಕ್ಕೆಲ್ಲ ಕರಗುತ್ತೆ. ಅದಕ್ಕೇ ಅಲ್ಲಿ ಬಣ್ಣವನ್ನ ಗಟ್ಟಿ ಮಾಡೋ ಹಾರ್ಡನರ್ ಬೆರೆಸಿ ಹೊಡೀತಾರೆ. ಬಣ್ಣ ಹೊಡೆದು ಒಣಗಿಸೋ ಒಳ್ಳೇ ಬೂತ್ ಇದ್ದರೆ 60 ಡಿಗ್ರಿಯಲ್ಲಿ ಅರ್ಧ ಗಂಟೆ ಇಡ್ತಾರೆ. ನನ್ನ ಪೇಂಟರ್ ಹತ್ತಿರ ಬೂತೂ ಇರಲಿಲ್ಲ, ಶೀಟಿನ ನೆರಳಲ್ಲಿ ಒಣಗಿಸಿದ್ದು, ಅದೂ ಡಿಸೆಂಬರ್ ಚಳಿಯಲ್ಲಿ. ಹಾಗೆ ಒಣಗಿಸಿದಾಗ ಮೇಲಿನ ಪದರ ಮೊದಲು ಚರ್ಮ ಕಟ್ಟುತ್ತೆ. ಕೆಳಗಿನ ಥಿನ್ನರ್ ಆ ಚರ್ಮದ ಮೂಲಕ ವಾರಗಟ್ಟಲೆ ನಿಧಾನವಾಗಿ ಹೊರಗೆ ಹೋಗ್ತಿರುತ್ತೆ. ಅದರ ಮೇಲೆ 200 ಮೈಕ್ರಾನ್ (ಮಿಲಿಮೀಟರಿನ ಐದನೇ ಒಂದು ಭಾಗ) ದಪ್ಪದ ಫಿಲ್ಮ್ ಅಂಟಿಸಿದರೆ ಹೊರಗೆ ಹೋಗೋ ದಾರಿಯೇ ಮುಚ್ಚಿದ ಹಾಗೆ. ಹಸಿ ಗೋಡೆಗೆ ಡಿಸ್ಟೆಂಪರ್ ಬಳಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಮೊದಲ ವಾರ ಕನ್ನಡಿ ಹಾಗಿತ್ತು. ಒಂದು ದಿನ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಬಂದು ನೋಡಿದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಒಂದು ಅಂಗೈ ಅಗಲದ ಜಾಗದಲ್ಲಿ. ಫಿಲ್ಮ್ ಹಾಕಿದ ಅಂಗಡಿಯವರು "ನೀರಿನ ಗುಳ್ಳೆ ಸಾರ್, ಹದಿನೈದು ದಿನದಲ್ಲಿ ತಾನೇ ಹೋಗುತ್ತೆ" ಅಂದರು. ನೀರಿನ ಗುಳ್ಳೆ ಅನ್ನೋದು ನಿಜವಾಗಿಯೂ ಇದೆ. ಫಿಲ್ಮ್ ಅಂಟಿಸುವಾಗ ಉಳಿದ ನೀರು ಎರಡು ಮೂರು ವಾರದಲ್ಲಿ ಆರಿಹೋಗುತ್ತೆ, ಅದನ್ನ ಸೂಜಿಯಲ್ಲಿ ಚುಚ್ಚೋದು ತಪ್ಪು. ವ್ಯತ್ಯಾಸ ಹೀಗೆ ಗುರುತಿಸಿ: ನೀರಿನದು ಮೊದಲ ದಿನವೇ ಇರುತ್ತೆ, ದಿನಾ ಕಮ್ಮಿ ಆಗುತ್ತೆ. ಥಿನ್ನರಿನದು ಮೊದಲು ಇರೋದಿಲ್ಲ, ಬಿಸಿಲು ತಾಕಿದಾಗ ಏಳುತ್ತೆ, ರಾತ್ರಿ ತಗ್ಗುತ್ತೆ, ಮಾರನೇ ಮಧ್ಯಾಹ್ನ ನಾಲ್ಕು ಹೆಚ್ಚು. ನಾನು ಅವರ ಮಾತು ಕೇಳಿ ಮೂರು ವಾರ ಕಾದೆ. ಅಷ್ಟರಲ್ಲಿ ಅಂಟು ಬಲವಾಗಿ ಕೂತಿತ್ತು.

ಕೊನೆಗೆ ತೆಗೆಸಬೇಕಾಯಿತು. ತೆಗೆದವರು ಸರಿಯಾಗೇ ತೆಗೆದರು. ಹೀಟ್ ಗನ್ ಹಿಡಿದು ಫಿಲ್ಮ್ ಮೆತ್ತಗೆ ಮಾಡಿಕೊಂಡು, ಮೇಲಕ್ಕೆ ಕೀಳದೆ, ಬಾನೆಟ್ಟಿಗೆ ತಾಗಿದ ಹಾಗೆ ಹಿಂದಕ್ಕೆ ಮಡಚಿ ನಿಧಾನ ಎಳೆದರು. ಆದರೂ ಮಧ್ಯದಲ್ಲಿ 'ಚರ್' ಅಂತ ಶಬ್ದ. ಫಿಲ್ಮಿನ ಒಳಮೈಗೆ ಹಾಲಿನ ಕೆನೆ ಹಾಗೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂಟಿಕೊಂಡು ಬಂದಿತ್ತು. ಹಸಿ ಕ್ಲಿಯರ್ ಕೋಟಿಗೆ ಕೆಳಗಿನ ಬಣ್ಣದ ಮೇಲಿನ ಹಿಡಿತಕ್ಕಿಂತ ಫಿಲ್ಮಿನ ಅಂಟಿನ ಹಿಡಿತವೇ ಜಾಸ್ತಿ. ಫಿಲ್ಮಿನ ದುಡ್ಡು, ಪೇಂಟಿನ ದುಡ್ಡು, ತೆಗೆದ ಕೂಲಿ, ಮತ್ತೆ ಪೇಂಟಿನ ದುಡ್ಡು.

ನಿಮ್ಮದು ಹೊಸ ಕಾರು, ಇದಕ್ಕೂ ನಿಮಗೂ ಏನು ಸಂಬಂಧ ಅನ್ನಿಸಬಹುದು. ಹೊಸ ಕಾರಿನ ಬಣ್ಣವೆಲ್ಲ ಕಾರ್ಖಾನೆಯದೇ ಅಂತ ನಂಬಬೇಡಿ. ಟ್ರೇಲರಿನಿಂದ ಇಳಿಸುವಾಗ, ಯಾರ್ಡಿನಲ್ಲಿ ತಿರುಗಿಸುವಾಗ ಬಂಪರ್ ಉಜ್ಜೋದು ಹೊಸದೇನಲ್ಲ. ಸದ್ದಿಲ್ಲದೆ ಟಚಪ್ ಮಾಡಿ ನಿಲ್ಲಿಸಿರ್ತಾರೆ. ಡೆಲಿವರಿಗೆ ಮುಂಚೆಯೇ ಫಿಲ್ಮ್ ಹಾಕಿದರೆ ಆ ಟಚಪ್ ಫಿಲ್ಮಿನಡಿ ಹೋಗುತ್ತೆ, ಮುಂದೆ ತೆಗೆದಾಗ ಬಣ್ಣ ಎದ್ದರೆ ಯಾರನ್ನ ಕೇಳ್ತೀರಿ? ಎರಡನೇ ಸಲ ಪೇಂಟ್ ಆದ ಭಾಗಕ್ಕೆ ನಮ್ಮ ಜವಾಬ್ದಾರಿ ಇಲ್ಲ ಅಂತ ಫಿಲ್ಮ್ ಹಾಕುವವರು ಮೊದಲೇ ಸಹಿ ಹಾಕಿಸಿಕೊಂಡಿರ್ತಾರೆ.

ಹಾಗಾಗಿ ಮೊದಲು ಬರೀ ಬಣ್ಣ ನೋಡಿ. ಬಾನೆಟ್ ಬೋಲ್ಟಿನ ತಲೆ ಮೇಲೆ ಬಣ್ಣ ಬಿರುಕು ಬಿಟ್ಟಿದೆಯಾ? ಬಾಗಿಲಿನ ರಬ್ಬರ್ ಬೀಡಿಂಗ್ ಮೇಲೆ ಬಣ್ಣದ ಧೂಳು ಕೂತಿದೆಯಾ? ಬಾಗಿಲ ಒಳಅಂಚಲ್ಲಿ ಉಗುರು ಆಡಿಸಿದರೆ ಟೇಪ್ ಅಂಟಿಸಿ ತೆಗೆದ ಗೆರೆ ಸಿಗುತ್ತಾ? ಪಕ್ಕಪಕ್ಕದ ಎರಡು ಭಾಗದಲ್ಲಿ ಕಿತ್ತಳೆ ಸಿಪ್ಪೆಯಂಥ ಸಣ್ಣ ಉಬ್ಬುತಗ್ಗು ಬೇರೆ ಬೇರೆ ಥರ ಕಂಡರೆ ಅನುಮಾನ ಪಡಿ. ಆಮೇಲೆ ಡೀಟೇಲಿಂಗ್ ಅಂಗಡಿಯಲ್ಲಿ (ಪಾಲಿಶ್, ಫಿಲ್ಮ್ ಹಾಕುವವರು) ಬಣ್ಣದ ದಪ್ಪ ಅಳೆಯೋ ಪೇಂಟ್ ಗೇಜ್ ಇಡಿಸಿ, ಪ್ರತಿ ಭಾಗಕ್ಕೂ ಐದು ಕಡೆ. ಕಾರ್ಖಾನೆ ಬಣ್ಣ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್ ಒಳಗೆ ತೋರಿಸುತ್ತೆ. 200 ದಾಟಿದರೆ ಮೇಲೊಂದು ಸಲ ಬಣ್ಣ ಬಿದ್ದಿದೆ, 500 ದಾಟಿದರೆ ಕೆಳಗೆ ಪುಟ್ಟಿ ಇದೆ. ಪ್ಲಾಸ್ಟಿಕ್ ಬಂಪರಿಗೆ ಮಾಮೂಲಿ ಗೇಜ್ ನಡೆಯಲ್ಲ, ಅಲ್ಲಿ ಕಣ್ಣೇ ಗತಿ. ಮತ್ತೆ ಪೇಂಟ್ ಆಗಿರೋದು ಗೊತ್ತಾದರೆ, ಬೂತಿನಲ್ಲಿ ಆಗಿದ್ದರೆ 30 ದಿನ, ನೆರಳಲ್ಲಿ ಒಣಗಿಸಿದ್ದರೆ 60 ದಿನ ಏನೂ ಹಾಕಬೇಡಿ. ವ್ಯಾಕ್ಸೂ ಬೇಡ, ಸೆರಾಮಿಕ್ಕೂ ಬೇಡ. ನಾನು ಎರಡನೇ ಸಲ 62 ದಿನ ಕಾದೆ. ಇವತ್ತಿಗೂ ಒಂದು ಗುಳ್ಳೆ ಇಲ್ಲ.

ಸೆರಾಮಿಕ್ಕಾ ಫಿಲ್ಮಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ ಬಿಡಿ. ಸೆರಾಮಿಕ್ ಪದರದ ದಪ್ಪ ಒಂದೆರಡು ಮೈಕ್ರಾನ್ ಅಷ್ಟೇ. ಹೊಳಪಿಗೆ, ತೊಳೆಯೋಕೆ ಸುಲಭ ಆಗಲಿ ಅನ್ನೋದಕ್ಕೆ ಒಳ್ಳೇದು, ಜಲ್ಲಿಗೆ ಅದು ಲೆಕ್ಕಕ್ಕಿಲ್ಲ. ಹಾಗಂತ ಇಡೀ ಕಾರಿಗೆ ಫಿಲ್ಮ್ ಸುತ್ತಿಸೋದೂ ದಂಡ. ರೂಫ್ ಮೇಲೆ ಕಲ್ಲು ಬೀಳೋದು ಕಮ್ಮಿ. ನಿಮ್ಮ ಓಡಾಟಕ್ಕೆ ಬೇಕಾಗಿರೋದು ಮುಂದಿನ ಬಂಪರ್, ಪೂರ್ತಿ ಬಾನೆಟ್, ಎರಡು ಫೆಂಡರ್, ಮಿರರ್, ಹೆಡ್‌ಲೈಟ್, ಗಾಜಿನ ಪಕ್ಕದ ಕಂಬ, ಚಕ್ರದ ಹಿಂದೆ ಬಾಗಿಲ ಕೆಳಗಿನ ಪಟ್ಟಿ. ಜೊತೆಗೆ ಬಾಗಿಲ ಹಿಡಿಯ ಹಿಂದಿನ ಗುಳಿ, ಅಲ್ಲಿ ಉಗುರಿನ ಗೀರು ತಪ್ಪಿದ್ದಲ್ಲ. ಎಕ್ಸ್‌ಪ್ರೆಸ್‌ವೇಗೆ ಟ್ರ್ಯಾಕ್ಟರ್ ಬಿಡೋದಿಲ್ಲ ನಿಜ, ಆದರೆ ನೀವು ಸರ್ವಿಸ್ ರಸ್ತೆಗೆ ಇಳಿದ ಕೂಡಲೇ ಕಬ್ಬಿನ ಲೋಡು ಪಕ್ಕದಲ್ಲೇ ಇರುತ್ತೆ. ಹೊರಗೆ ಚಾಚಿದ ಜಲ್ಲೆಯ ತುದಿ ಮಿರರಿಗೆ ಸವರುತ್ತೆ.

ಫಿಲ್ಮಿನಲ್ಲಿ ಎರಡು ಥರದ ಪ್ಲಾಸ್ಟಿಕ್ ಸಿಗುತ್ತೆ: ಟಿಪಿಯು (ಪಾಲಿಯುರೆಥೇನ್) ಇರಲಿ, ಟಿಪಿಎಚ್ ಬೇಡ. ಟಿಪಿಎಚ್ ಅಂದರೆ ಪಿವಿಸಿಯ ತಮ್ಮ. ಬಿಸಿಲಿಗೆ ಬಿರುಸಾಗಿ, ಹಳದಿ ತಿರುಗಿ, ತೆಗೆಯುವಾಗ ಚೂರುಚೂರಾಗಿ ಬರುತ್ತೆ. ಬಿಳಿ ಕಾರಿನ ಮೇಲೆ ಹಳದಿ ಮೊದಲು ಕಾಣೋದು. ಒಂದು ತುಂಡು ಕೇಳಿ ಎಳೆದು ನೋಡಿ: ಟಿಪಿಯು ರಬ್ಬರ್ ಹಾಗೆ ವಾಪಸ್ ಬರುತ್ತೆ, ಇನ್ನೊಂದು ಎಳೆದಷ್ಟಕ್ಕೇ ನಿಲ್ಲುತ್ತೆ. ತಾನೇ ಗೀರು ಮಾಯುತ್ತೆ ಅನ್ನೋದು ಕೂದಲೆಳೆ ಗೀರಿಗೆ ಮಾತ್ರ, ಬಿಸಿ ನೀರು ಸುರಿದರೆ ಹೋಗುತ್ತೆ. ಕಲ್ಲು ಕೊಯ್ದ ಗಾಯ ಹೋಗಲ್ಲ.

ಹಾಕುವ ದಿನ ನೀವೇ ನಿಂತು ನೋಡಿ. ತೊಳೆದ ಮೇಲೆ ಕ್ಲೇ ಬಾರ್ (ಅಂಟಿದ ಕೊಳೆ ಎಳೆಯೋ ಜೇಡಿಯಂಥ ಉಂಡೆ) ಉಜ್ಜಬೇಕು. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿ ಸವರಿದರೆ ಒಂದು ಮರಳಿನ ಕಾಳೂ ತಾಗಬಾರದು. ಫಿಲ್ಮನ್ನ ಜಾರಿಸಿ ಕೂರಿಸೋಕೆ ಒಂದು ಲೀಟರ್ ನೀರಿಗೆ ಬೇಬಿ ಶಾಂಪೂ ಕೆಲವೇ ಹನಿ. ಅಂಚು ಅಂಟೋಕೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್. ಆ ನೀರು ಆರ್‌ಓದ್ದೇ ಆಗಿರಲಿ. ನಮ್ಮ ಕಡೆ ಬೋರ್ ನೀರು ಗಡುಸು, ಆರಿದ ಮೇಲೆ ಫಿಲ್ಮಿನಡಿ ಬಿಳಿ ಉಪ್ಪಿನ ಕಲೆ ಉಳಿದರೆ ಅದನ್ನ ಒರೆಸೋಕೆ ಯಾರ ಕೈಲೂ ಆಗಲ್ಲ. ಕಾರಿನ ಮೇಲೇ ಬ್ಲೇಡ್ ಆಡಿಸೋಕೆ ಬಿಡಬೇಡಿ, ಅಳತೆಗೆ ಕತ್ತರಿಸೋ ಯಂತ್ರದಲ್ಲಿ (ಪ್ಲಾಟರ್) ಕತ್ತರಿಸಿ ತರಲಿ. ಬಾನೆಟ್ ಅಂಚನ್ನ ಒಳಕ್ಕೆ ಮಡಚಲಿ, ಮಿಲಿಮೀಟರ್ ಹೊರಗೆ ಬಿಟ್ಟರೂ ಆ ಗೆರೆಯಲ್ಲಿ ಕೆಂಪು ಧೂಳು ಕೂರುತ್ತೆ.

ಒಂದು ವಾರ ತೊಳೀಬೇಡಿ, ಪ್ರೆಶರ್ ವಾಷ್ ಎರಡು ವಾರ ಬೇಡ, ಆಮೇಲೂ ಅಂಚಿಗೆ ಎರಡು ಅಡಿ ದೂರದಿಂದ. ಸಂಜೆ ಗದ್ದೆ ಬಯಲಲ್ಲಿ ಬಂದರೆ ಬಂಪರ್ ತುಂಬ ಹುಳ ಅಂಟಿರುತ್ತೆ, ಒದ್ದೆ ಬಟ್ಟೆ ಹತ್ತು ನಿಮಿಷ ಹಾಸಿ ಅವತ್ತೇ ಒರೆಸಿ.

ಶೋರೂಮಿನವರಿಗೆ ಈಗಲೇ ಫೋನ್ ಮಾಡಿ ಫಿಲ್ಮ್ ನಿಲ್ಲಿಸಿ. ಹೆಚ್ಚಿನವರು ಸಂಜೆ ಪೂಜೆ ಹೊತ್ತಿಗೆ ಕರೀತಾರೆ, ಟ್ಯೂಬ್‌ಲೈಟಿನಡಿ ಎಲ್ಲ ಬಿಳಿಯೂ ಒಂದೇ ಬಿಳಿ. ಪೂಜೆ ಸಂಜೆಗೇ ಇರಲಿ, ನೀವು ಬೆಳಿಗ್ಗೆಯೇ ಹೋಗಿ ಕಾರನ್ನ ಬಿಸಿಲಿಗೆ ತರಿಸಿ ಬಾನೆಟ್ ಬೋಲ್ಟಿನಿಂದ ಶುರು ಮಾಡಿ.