ಬೋರ್ಡ್ ಬದಲಾಯಿತು, ವಿಂಡೋಸ್ ಮುನಿಸಿಕೊಂಡಿತು

ಪ್ರಶ್ನೆ: ನನ್ನದು ಚಿಕ್ಕ ಡಿಟಿಪಿ ಅಂಗಡಿ. ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟಿತು, ಬೇರೆ ಹಾಕಿಸಿದೆ. ಅಂದಿನಿಂದ ಪರದೆಯ ಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಅಂತ ಸದಾ ಕಾಣುತ್ತದೆ. ದುಡ್ಡು ಕೊಟ್ಟು ಕೊಂಡದ್ದು ಸ್ವಾಮಿ! ಸಾಲದ್ದಕ್ಕೆ, ಗಿರಾಕಿ ಎದುರು ನಿಂತಾಗಲೇ ಅಪ್‌ಡೇಟ್ ಅಂತ ರೀಸ್ಟಾರ್ಟ್ ಆಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಿಟ್ಟು ಬರುವಂಥದ್ದೇ ಬಿಡಿ. ವಿಂಡೋಸ್ ಲೈಸೆನ್ಸ್ ನಿಮಗಿಂತ ಜಾಸ್ತಿ ನಿಮ್ಮ ಯಂತ್ರವನ್ನು, ಅದರಲ್ಲೂ ಮದರ್‌ಬೋರ್ಡನ್ನು ಗುರುತಿಟ್ಟುಕೊಂಡಿರುತ್ತದೆ. ಹಾಗಾಗಿ ಬೋರ್ಡ್ ಬದಲಾದರೆ, ಡಬ್ಬ ಅದೇ ಇದ್ದರೂ, ಅದರ ಲೆಕ್ಕದಲ್ಲಿ ಅದು ಹೊಸ ಕಂಪ್ಯೂಟರ್.

ಮೊದಲು ಹಳೆ ಬಿಲ್ ಹುಡುಕಿ. ಬೇರೆಯಾಗಿ ಕೊಂಡ ರಿಟೇಲ್ ಲೈಸೆನ್ಸ್ ಆದರೆ ಹೊಸ ಬೋರ್ಡಿಗೂ ನಡೆಯುತ್ತದೆ. ಕಂಪ್ಯೂಟರ್ ಜೊತೆಗೇ ಬಂದ ಓಇಎಂ ಆದರೆ ಸಾಮಾನ್ಯವಾಗಿ ಹಳೆ ಬೋರ್ಡಿನ ಜೊತೆಗೇ ಹೋಯಿತು ಅಂತ ಲೆಕ್ಕ. ಇದು ನನಗೂ ಅನ್ಯಾಯ ಅನ್ನಿಸುತ್ತದೆ. ಲೈಸೆನ್ಸನ್ನು ಮೊದಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ್ದರೆ, ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎನ್ನುವುದನ್ನು ಆರಿಸಿ ನೋಡಿ. ಪುಕ್ಕಟೆ ಆ್ಯಕ್ಟಿವೇಟರ್‌ಗಳು ಮಾತ್ರ ಬೇಡವೇ ಬೇಡ. ಎಷ್ಟೋ ಸಲ ಅದರ ಜೊತೆ ವೈರಸ್ಸೂ ಬರುತ್ತದೆ. ಆ್ಯಕ್ಟಿವೇಟ್ ಆಗದಿದ್ದರೂ ಡಿಟಿಪಿ ಕೆಲಸವೇನೂ ನಿಲ್ಲುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ವಾಲ್‌ಪೇಪರ್, ಬಣ್ಣದಂಥ ಅಲಂಕಾರ ಬದಲಿಸಲು ಬಿಡುವುದಿಲ್ಲ ಅಷ್ಟೇ. ಹಾಗಂತ ಸುಮ್ನೆ ಬಿಡಬೇಡಿ, ನಿಯಮದ ಪ್ರಕಾರ ಲೈಸೆನ್ಸ್ ಬೇಕೇ ಬೇಕು.

ಅಪ್‌ಡೇಟ್ ಕಾಟಕ್ಕೆ ‘ಆ್ಯಕ್ಟಿವ್ ಅವರ್ಸ್’ ಇದೆ. ದಿನಕ್ಕೆ 18 ಗಂಟೆವರೆಗೆ ಇಟ್ಟುಕೊಳ್ಳಬಹುದು, ಆ ಹೊತ್ತಿನಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಅಂದಹಾಗೆ ನಿಮ್ಮದು ವಿಂಡೋಸ್ 10 ಆದರೆ, ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹೊಸ ಲೈಸೆನ್ಸ್ ಕೊಳ್ಳುವುದಾದರೆ 11ನ್ನೇ ಕೊಳ್ಳಿ, ಆದರೆ ಅದಕ್ಕೂ ಮೊದಲು ಬೋರ್ಡಿನಲ್ಲಿ ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ವ್ಯವಸ್ಥೆ) ಇದೆಯಾ ಅಂತ ಹಾಕಿಕೊಟ್ಟವರನ್ನು ಕೇಳಿ.