ಐಟಿಐ ಎಲೆಕ್ಟ್ರಿಷಿಯನ್ ಸೇರಿಸಬಹುದಾ ಅಂತ ಕೇಳಿದ್ರಲ್ಲ, ಅದಕ್ಕೆ

ಎಸ್ಸೆಸ್ಸೆಲ್ಸಿ ಮುಗಿಸಿದ ತಮ್ಮನನ್ನು ಐಟಿಐ ಎಲೆಕ್ಟ್ರಿಷಿಯನ್‌ಗೆ ಹಾಕಬಹುದಾ, ಕೆಲಸ ಹೇಗಿರುತ್ತದೆ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಿ. 2 ವರ್ಷದ ಕೋರ್ಸು. ಆದರೆ ಸರ್ಟಿಫಿಕೇಟ್ ಬಂದ ಮಾತ್ರಕ್ಕೆ ಕೈ ಪಳಗುವುದಿಲ್ಲ, ಒಬ್ಬ ಒಳ್ಳೆಯ ಮೇಸ್ತ್ರಿ ಹತ್ತಿರ ಒಂದೆರಡು ವರ್ಷ ದುಡಿಯಲೇಬೇಕು.

ಹೊಸಬರಿಗೆ ಮೊದಲು ಸಿಗುವುದು ವೈರಲ್ಲ, ಸುತ್ತಿಗೆ ಉಳಿ! ಗೋಡೆ ಕೊರೆಯುವುದು, ಪೈಪ್ ಕೂರಿಸುವುದು, ಮೋಲ್ಡ್ ಹಾಕುವ ಹಿಂದಿನ ದಿನ ಉರಿಬಿಸಿಲಲ್ಲಿ ಕಂಬಿಗಳ ನಡುವೆ ಬಗ್ಗಿಕೊಂಡು ಪೈಪ್ ಎಳೆಯುವುದು. ಸೊಂಟ ಹೋಗುತ್ತದೆ. ಬೇಜಾರಾಗಿ ಬಿಡುವವರು ಇಲ್ಲೇ ಜಾಸ್ತಿ.

ಆಮೇಲೆ ಲೆಕ್ಕಾಚಾರ ಬರಬೇಕು. ಲೈಟಿಗೆ 1.5 ಸ್ಕ್ವೇರ್ ಎಂಎಂ ವೈರ್ ಸಾಕು, ಗೀಸರ್‌ಗೂ ಅದನ್ನೇ ಎಳೆದರೆ ವೈರ್ ಬಿಸಿಯಾಗಿ ಸುಡಬಹುದು, ಅಲ್ವಾ? ಮನೆ ಓನರ್ ದುಡ್ಡು ಉಳಿಸೋಣ ಅಂದರೂ ಅರ್ಥಿಂಗ್ ಮತ್ತು 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಟ್ ಮಾಡುವ ಸ್ವಿಚ್) ಬಿಡಬಾರದು. ಬರೀ ಟೆಸ್ಟರ್ ನಂಬಿ ವೈರ್ ಮುಟ್ಟಬೇಡ ಅಂತ ತಮ್ಮನಿಗೆ ಈಗಲೇ ಹೇಳಿ. ನಾನು ಒಮ್ಮೆ ನಂಬಿ ಏಣಿಯಿಂದ ಬಿದ್ದಿದ್ದೇನೆ.

ಸ್ವಂತ ಕಾಂಟ್ರಾಕ್ಟ್ ಮಾಡುವ ಆಸೆಯಿದ್ದರೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು. ಬಾಕಿ ವಸೂಲಿ ಮಾಡುವ ತಾಳ್ಮೆಯೂ ಬೇಕು, ಅದನ್ನು ಯಾವ ಐಟಿಐಯಲ್ಲೂ ಕಲಿಸುವುದಿಲ್ಲ. ತಮ್ಮನಿಗೆ ಎತ್ತರ ಹತ್ತುವ ಭಯ ಏನಾದರೂ ಇದೆಯಾ?